ಬೆಳಗಿನ ದೋಣಿಗೆ ಬಂದು, ಸಂಜೆಯ ದೋಣಿಗೆ

ಕ್ರೋಂಪೇಟೆ, ಚೆನ್ನೈ
9 ಸೆಪ್ಟೆಂಬರ್ 2002

ಇವರಿಗೆ,

ವಿಳಾಸ ನೋಡಿ ಗಾಬರಿಯಾಗಬೇಡಿ. ಇದು ಪಲ್ಲಾವರಂ ಮನೆಯ ಪತ್ರವಲ್ಲ, ಆಫೀಸಿನಲ್ಲಿ ಕೂತು ಬರೆದದ್ದು. ಮನೆಗೆ ಬಂದ ಪತ್ರಗಳ ಗತಿ ನಿಮಗೆ ಗೊತ್ತು. ಅತ್ತೆಯವರ ಪೂಜೆ ಮುಗಿಯುವವರೆಗೆ ಕವರು ದೇವರ ಜಗುಲಿಯ ಮೇಲೆ ಕಾಯಬೇಕು, ಆಮೇಲೆ ಎಲ್ಲರೂ ಕೂತು, ಒಬ್ಬರು ಅದನ್ನು ಜೋರಾಗಿ ಓದಬೇಕು. ಮಾವನವರು ಕಲಬುರ್ಗಿಯಿಂದ ತೊಗರಿಬೇಳೆಯ ಜೊತೆ ಈ ಪದ್ಧತಿಯನ್ನೂ ಮದ್ರಾಸಿಗೆ ತಂದರು. ಬೇಳೆ ಅಂಗಡಿ ಮುಚ್ಚಿತು, ಓದುವ ಬಾಯಿ ಮುಚ್ಚಲಿಲ್ಲ. ಹಾಗಾಗಿ ಆರು ವರ್ಷದಿಂದ ನೀವು ಮಾಲ್ದೀವ್ಸಿನ ಆ ದ್ವೀಪದಿಂದ "ಇಲ್ಲಿ ಎಲ್ಲ ಕ್ಷೇಮ" ಎಂದು ಬರೆಯುತ್ತೀರಿ, ನಾನು ಇಲ್ಲಿಂದ "ಇಲ್ಲಿಯೂ ಕ್ಷೇಮ" ಎಂದು ಬರೆಯುತ್ತೇನೆ. ರೇಡಿಯೋದವರು ಕೂಡ ನಮಗಿಂತ ಹೆಚ್ಚು ಮನಸ್ಸು ಬಿಚ್ಚುತ್ತಾರೆ.

ಇನ್ನು ನನಗೆ ಬರೆಯುವುದಿದ್ದರೆ ಇಲ್ಲಿಗೇ ಬರೆಯಿರಿ. ತೊಗಲು ರಫ್ತಿನ ಕಚೇರಿ, ನನ್ನ ಹೊಟ್ಟೆ ಶಾಕಾಹಾರಿ; ಆದರೂ ಇಲ್ಲಿ ನನ್ನ ಹೆಸರಿನ ಕವರನ್ನು ನಾನೇ ಒಡೆಯುತ್ತೇನೆ.

ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ನಿಮ್ಮ ಕಂಪನಿಯಿಂದ ಮನೆಗೊಂದು ಇಂಗ್ಲಿಷ್ ಕಾಗದ ಬಂತು. ನಿಮ್ಮ ಮಗಳು ನೀಲಾ ಅದನ್ನು ಇಂಗ್ಲಿಷಿನಲ್ಲಿ ಓದಿ ತಮಿಳಿನಲ್ಲಿ ಹೇಳಿದಳು, ನಾನು ಅತ್ತೆಯವರಿಗೆ ಕನ್ನಡದಲ್ಲಿ ಹೇಳಿದೆ. ಮೂರು ವರ್ಷ ಮುಗಿಸಿದ ನೌಕರರ ಮನೆಯವರಿಗಾಗಿ ಕಂಪನಿ ವರ್ಷಕ್ಕೊಂದು ದಿನ ಆ ಖಾಸಗಿ ದ್ವೀಪವನ್ನು ತೆರೆಯುತ್ತದೆಯಂತೆ. ಈ ಸಲ ಫೆಬ್ರವರಿ ಎರಡು, ಭಾನುವಾರ. ಒಬ್ಬ ನೌಕರನಿಗೆ ಇಬ್ಬರು. ತಿರುವನಂತಪುರದಿಂದ ವಿಮಾನ, ಬೆಳಗಿನ ದೋಣಿಗೆ ದ್ವೀಪ, ಸಂಜೆಯ ದೋಣಿಗೆ ವಾಪಸು. ರಾತ್ರಿ ಉಳಿಯುವಂತಿಲ್ಲ, ಆ ಮಂಚಗಳು ಸಾಹುಕಾರರಿಗೆ.

ಕೊನೆಯ ಸಾಲನ್ನು ಮಾತ್ರ ನಾನು ಅತ್ತೆಯವರಿಗೆ ಕನ್ನಡ ಮಾಡಲಿಲ್ಲ: "ಕಳೆದ ಮೂರು ವರ್ಷವೂ ಶ್ರೀಮತಿ ಪೂರ್ಣಿಮಾ ಅವರ ಅನಾರೋಗ್ಯದ ಕಾರಣ ತಮಗೆ ಬರಲಾಗಲಿಲ್ಲ. ಈಗ ಚೇತರಿಸಿಕೊಂಡಿರುವರೆಂದು ನಂಬಿದ್ದೇವೆ."

ಚೇತರಿಸಿಕೊಂಡಿದ್ದೇನೆ. ಏನಾಗಿತ್ತು ಎಂದು ತಿಳಿಸಿದರೆ ಉಪಕಾರ. ಪಥ್ಯ ಮುಂದುವರಿಸಬೇಕೋ ಬೇಡವೋ ತಿಳಿಯುತ್ತಿಲ್ಲ.

ಅತ್ತೆಯವರು ಆಗಲೇ ಹೊರಟು ನಿಂತಿದ್ದಾರೆ. "ನನ್ನ ಮಗ ಕಡಲಾಗ ಕುಂತು ಏನ್ ಉಣ್ತಾನ, ಒಮ್ಮೆ ಕಣ್ಣಾರೆ ನೋಡ್ಬೇಕು" ಎನ್ನುತ್ತಾರೆ. ದೋಣಿಯಲ್ಲಿ ಲಿಂಗಪೂಜೆಗೆ ಕೂಡಲು ಜಾಗ ಇರುತ್ತದೆಯೆ? ಮೀನು ಮುಟ್ಟದ ನೀರು ಸಿಗುತ್ತದೆಯೆ? ಇದನ್ನೆಲ್ಲ ಕೇಳುತ್ತಿರುವವರು ಅವರು, ನಾನಲ್ಲ.

ಗಂಡ ಗಡಿಯಾಚೆ, ಹೆಂಡತಿ ಗಡಿಯಾರದ ಈಚೆ. ಬೇಗ ಬರೆಯಿರಿ.

ಪೂರ್ಣಿಮಾ

*

ದ್ವೀಪದಿಂದ, ಮಾಲೆ ಅಂಚೆಯ ಮೂಲಕ
ಪಲ್ಲಾವರಂ ಮನೆಗೆ
3 ಅಕ್ಟೋಬರ್ 2002

ಮಾತೋಶ್ರೀ ಜಗದೇವಿಯವರ ಪಾದಗಳಿಗೆ ಮಗ ಕುಮಾರಸ್ವಾಮಿಯ ಶರಣಾರ್ಥಿಗಳು.

ಇಲ್ಲಿ ಎಲ್ಲ ಕ್ಷೇಮ. ಕಡಲ ನೀರನ್ನು ಸಿಹಿ ಮಾಡುವ ನನ್ನ ಪ್ಲಾಂಟು ಚೆನ್ನಾಗಿ ನಡೆದಿದೆ. ಕಂಪನಿಯ ಕಾಗದ ಬಂದ ವಿಷಯ ತಿಳಿಯಿತು. ಆದರೆ ಫೆಬ್ರವರಿಯಲ್ಲಿ ಇಲ್ಲಿ ಅಲೆ ಆಳೆತ್ತರ ಏಳುತ್ತದೆ. ದೋಣಿಯಲ್ಲಿ ಎರಡು ತಾಸು ಕೂಡಬೇಕು, ಗಟ್ಟಿ ಗಂಡಸರೇ ವಾಂತಿ ಮಾಡಿಕೊಂಡು ಮಲಗುತ್ತಾರೆ. ಎಲ್ಲಿ ನೋಡಿದರೂ ಮೀನಿನ ವಾಸನೆ. ನಿಮ್ಮ ವಯಸ್ಸಿಗೆ ಇದು ಆಗದ ಮಾತು. ಕಂಪನಿಯವರು ನನ್ನನ್ನು ಬಿಡುವುದಿಲ್ಲ. ಬಿಟ್ಟಿದ್ದರೆ ಎಂದೋ ನಿಮ್ಮ ಬಳಿ ಬಂದಿರುತ್ತಿದ್ದೆ ಎಂಬುದು ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಎಂದಿನಂತೆ ಹದಿನೈದು ದಿನ ಬರುತ್ತೇನೆ.

ನೀಲಾಂಬಿಕೆಗೆ ಆಶೀರ್ವಾದ. ಪೂರ್ಣಿಮಾಳಿಗೆ ಆರೋಗ್ಯ ನೋಡಿಕೊಳ್ಳಲು ಹೇಳಿರಿ.

ಕುಮಾರಸ್ವಾಮಿ

*

ಕ್ರೋಂಪೇಟೆ
28 ಅಕ್ಟೋಬರ್ 2002

ಇವರಿಗೆ,

ನನ್ನ ಪತ್ರಕ್ಕೆ ಉತ್ತರ ನಿಮ್ಮ ತಾಯಿಗೆ ಹೋಯಿತು. ನಾನೇ ಜೋರಾಗಿ ಓದಿದೆ. "ಆರೋಗ್ಯ ನೋಡಿಕೊಳ್ಳಲು ಹೇಳಿರಿ" ಎಂಬಲ್ಲಿ ಅತ್ತೆಯವರು ನನ್ನ ಕಡೆ ತಿರುಗಿ, "ನಿನಗೇನಾಗ್ಯಾದ? ಎಮ್ಮಿ ಹಂಗ ಇದ್ದಿ" ಎಂದರು.

ನಮ್ಮ ಎಕ್ಸ್‌ಪೋರ್ಟ್ ಮ್ಯಾನೇಜರ್ ಜಯರಾಮ ಎರಡು ವರ್ಷದ ಹಿಂದೆ ಹೆಂಡತಿಯ ಜೊತೆ ಮಾಲ್ದೀವ್ಸಿಗೆ ಹೋಗಿದ್ದರು, ಅದೂ ಫೆಬ್ರವರಿಯಲ್ಲೇ. ಅಲೆ ಹೇಗೆ ಸಾರ್ ಎಂದು ಕೇಳಿದೆ. "ಅಲೆಯಾ? ಫೆಬ್ರವರಿಲೆ ಕಡಲ್ ಕಣ್ಣಾಡಿ ಮಾದಿರಿ ಇರುಕ್ಕುಂ ಮೇಡಂ. ಕೈಕೊಳಂದೆಯೆ ಕೂಟಿಟ್ಟು ಪೋಗಲಾಂ" ಎಂದರು. ಕನ್ನಡಿಯಂಥ ಕಡಲು, ಕೈಗೂಸನ್ನೂ ಕರೆದೊಯ್ಯಬಹುದಂತೆ. ಕಡಲು ಕನ್ನಡಿ ಆದರೆ ಅದರಲ್ಲಿ ಯಾರ ಮುಖ ಕಾಣುತ್ತದೆ ಎಂಬ ಹೆದರಿಕೆ ನಿಮಗೆ?

ನೇರವಾಗಿ ಕೇಳುತ್ತೇನೆ, ಕೇಳಿದ ಮೇಲೆ ನಿದ್ದೆ ಬರಬಹುದು. ಅಲ್ಲಿ ಯಾವಳಾದರೂ ಇದ್ದಾಳೆಯೆ? ಇದ್ದರೆ ಹೆಸರು ಬರೆಯಿರಿ. ಊರಿಗೊಬ್ಬಳು ಪದ್ಮಾವತಿ ಇರಬಹುದು, ದ್ವೀಪಕ್ಕೊಬ್ಬಳು ದಮಯಂತಿ ಇರಬಾರದೆ? ಬಿ.ಎ.ದಲ್ಲಿ ಹಳಗನ್ನಡ ಓದಿದವಳು ನಾನು, ಇಂಥ ಎಷ್ಟೋ ಕಥೆ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ.

ನಿಮ್ಮ ತಾಯಿ ಅಲೆಗೆ ಹೆದರಲಿಲ್ಲ. ಪಾಸ್‌ಪೋರ್ಟ್ ಫೋಟೋಗೆ ಹೋಗಿದ್ದೆವು. ಹಣೆಯ ವಿಭೂತಿ ಒರೆಸಿ ಎಂದ ಫೋಟೋದವನು. "ವಿಭೂತಿ ಇಲ್ಲದ ಮುಖ ನಂದಲ್ಲ. ಅದನ್ನ ತೋರಿಸಿ ಯಾವ ದೇಶಕ್ಕ ಹೋಗ್ಲಿ?" ಎಂದು ಎದ್ದರು. ಮೂರನೆಯ ಅಂಗಡಿಯವನು ಒಪ್ಪಿದ.

ಪೂರ್ಣಿಮಾ

*

ದ್ವೀಪದಿಂದ
ಕ್ರೋಂಪೇಟೆ ಆಫೀಸಿಗೆ
17 ನವೆಂಬರ್ 2002

ಪೂರ್ಣಿಮಾ,

ಯಾರೂ ಇಲ್ಲ. ಅವ್ವನ ಮೇಲಾಣೆ ಎಂದು ಬರೆಯಬಹುದಿತ್ತು, ಆದರೆ ಆಣೆ ಮಾಡಿದರೆ ನೀನು ಇನ್ನಷ್ಟು ಅನುಮಾನ ಪಡುತ್ತೀ.

ಅಲೆಯ ವಿಷಯ ಸುಳ್ಳು, ಒಪ್ಪಿದೆ. ನಿನ್ನ ಕಾಯಿಲೆಯೂ ಸುಳ್ಳು. ಫಾರ್ಮಿನಲ್ಲಿ ಬಾರದಿರುವುದಕ್ಕೆ ಕಾರಣ ಬರೆಯಬೇಕಿತ್ತು, ಬರೆದೆ. ಇದನ್ನು ದೊಡ್ಡದು ಮಾಡಬೇಡ. ಇಲ್ಲಿ ನೋಡುವಂಥದ್ದು ಏನೂ ಇಲ್ಲ. ಇಪ್ಪತ್ತು ನಿಮಿಷ ನಡೆದರೆ ಹೊರಟ ಜಾಗಕ್ಕೇ ಬರುತ್ತೀ. ಒಂದು ಕಡೆ ಸಾಹುಕಾರರ ಗುಡಿಸಲು, ಇನ್ನೊಂದು ಕಡೆ ನಮ್ಮ ಶೆಡ್ಡು, ಪಂಪು, ನನ್ನ ಕೋಣೆ. ಬಂದವರು ಒಂದು ದಿನ ನೋಡಿ ಹೋಗುತ್ತಾರೆ, ಆಮೇಲೆ ಅವರ ಗಂಡಂದಿರು ವಾರಗಟ್ಟಲೆ ಮಂಕಾಗಿರುತ್ತಾರೆ. ನೋಡಿದ್ದೇನೆ.

ಇದು ಅವ್ವನ ಹಟ ಎಂದು ಗೊತ್ತು. ನೀನಾದರೂ ಅವಳಿಗೆ ತಿಳಿಹೇಳು. ಮೇ ತಿಂಗಳಲ್ಲಿ ಬಂದಾಗ ಎಲ್ಲರನ್ನೂ ಮಹಾಬಲಿಪುರಕ್ಕೆ ಕರೆದೊಯ್ಯುತ್ತೇನೆ. ಅಲ್ಲಿಯೂ ಕಡಲಿದೆ.

ಕುಮಾರಸ್ವಾಮಿ

*

ಕ್ರೋಂಪೇಟೆ
12 ಡಿಸೆಂಬರ್ 2002

ಇವರಿಗೆ,

ಅವ್ವನ ಹಟ ಎಂದಿರಿ. ಹೆಂಡತಿಗೆ ಗಂಡನನ್ನು ನೋಡಬೇಕೆನಿಸಬಹುದು ಎಂಬುದು ಆ ಇಪ್ಪತ್ತು ನಿಮಿಷದ ದಾರಿಯಲ್ಲಿ ನಿಮಗೆ ಎದುರಾಗಲೇ ಇಲ್ಲವೆ? ಇರಲಿ.

ಪಾಸ್‌ಪೋರ್ಟು ಎರಡೂ ಬಂದವು. ಫಾರ್ಮು, ಪ್ರತಿಗಳನ್ನು ನಿಮ್ಮ ಕಂಪನಿಯ ಇಲ್ಲಿನ ಕಚೇರಿಗೆ ಕೊಡಬೇಕೆಂದು ಬರೆದಿತ್ತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶೋಳಿಂಗನಲ್ಲೂರಿಗೆ ಹೋದೆ. ಎರಡು ಬಸ್ಸು ಬದಲಿಸಬೇಕು, ಇಳಿದ ಮೇಲೆ ಕತ್ತು ನೋಯುವಷ್ಟು ಗಾಜಿನ ಕಟ್ಟಡ. ಅಲ್ಲಿ ಜಲಜಾಕ್ಷಿ ಎಂಬ ಹೆಂಗಸು ಕೂತಿದ್ದರು. ಫಾರ್ಮಿನಲ್ಲಿ ಹೆಸರು ನೋಡಿ ಎದ್ದೇಬಿಟ್ಟರು.

"ಅಯ್ಯೋ, ಕನ್ನಡದವ್ರಾ ನೀವು! ಕೂತ್ಕೊಳಿ, ಕೂತ್ಕೊಳಿ. ಈ ಬಿಲ್ಡಿಂಗ್‌ನಲ್ಲಿ ನಾನು ಕನ್ನಡ ಮಾತಾಡಿ ಎಷ್ಟು ದಿನ ಆಯ್ತು ಗೊತ್ತಾ? ಮನೇಲಿ ಮಕ್ಳು ಅಮ್ಮಾ ಅನ್ನೋದೊಂದೇ ಕನ್ನಡ, ಅದೂ ತಮಿಳಲ್ಲೂ ಅಮ್ಮಾನೇ. ಕುಮಾರಸ್ವಾಮಿ ಅವ್ರ ವೈಫಾ? ಅವ್ರು ಚೆನ್ನಾಗಿ ಗೊತ್ತಲ್ಲ ನಮ್ಗೆ. ಇಲ್ಲೇ ನಮ್ಮ ಬೀಚ್ ಹೋಟೆಲ್ ವಾಟರ್ ಪ್ಲಾಂಟಿಗೆ ಬನ್ನಿ ಅಂತ ತೊಂಬತ್ತೊಂಬತ್ರಲ್ಲಿ ಕೇಳಿದ್ವಿ, ಹೋದ್ ವರ್ಷ ಮತ್ತೆ ಕೇಳಿದ್ವಿ. ಬೇಡ್ವೇ ಬೇಡ ಅಂತ ಬರೆದ್ರು. ನಾನೇ ಫೈಲ್ ಮಾಡಿದ್ದು. ಈಗ್ಲೂ ಆ ಪೋಸ್ಟ್ ಖಾಲಿ ಇದೆ ನೋಡಿ. ಎಲ್ರೂ ಊರಿಗೆ ಬರ್ಬೇಕು ಅಂತ ಅಳ್ತಾರೆ, ನಿಮ್ ಯಜಮಾನ್ರು ಒಬ್ರೇ... ನಿಮ್ಗೂ ಅವ್ರು ಅಲ್ಲಿರೋದೇ ಇಷ್ಟ ಅಂತೆ?"

"ಹೌದು, ನನಗೂ ಇಷ್ಟ" ಎಂದೆ. ಎಂದು, ಅವರು ತರಿಸಿದ ಕಾಫಿ ಕುಡಿದೆ.

ಕಂಪನಿ ಬಿಡುವುದಿಲ್ಲ ಎಂಬ ಸಾಲನ್ನು ಈ ಆರು ವರ್ಷದಲ್ಲಿ ಎಷ್ಟು ಸಲ ಜೋರಾಗಿ ಓದಿದ್ದೇನೆ ಗೊತ್ತೆ? ಪ್ರತಿ ಸಲವೂ ನಿಮ್ಮ ತಾಯಿ ಕಂಪನಿಯ ವಂಶಕ್ಕೆ ಶಾಪ ಹಾಕಿದ್ದಾರೆ. ಪಾಪ, ಕಂಪನಿ.

ಇನ್ನೊಬ್ಬಳು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಬ್ಬಳ ಹೆಸರು ಹಿಡಿದು ಬೈಯಬಹುದಿತ್ತು. ಯಾರೂ ಇಲ್ಲದೆಯೇ ನಮ್ಮ ಕಡೆ ಬೆನ್ನು ಹಾಕಿದಿರಿ ಅಂದರೆ ನಾನು ಯಾರನ್ನು ಬೈಯಲಿ?

ಯಾಕೆ ಎಂದು ಬರೆಯಿರಿ. ಪ್ರಾಸ ಈ ಸಲ ಒಂದೂ ಬರಲಿಲ್ಲ, ಗಮನಿಸಿರಬಹುದು.

ಪೂರ್ಣಿಮಾ

*

ದ್ವೀಪದಿಂದ
5 ಜನವರಿ 2003

ಪೂರ್ಣಿಮಾ,

ಮೂರು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಎಂಟು ವರ್ಷದವನಿದ್ದಾಗಿನಿಂದ ನಮ್ಮ ಮನೆಯ ಪತ್ರಗಳನ್ನು ಜೋರಾಗಿ ಓದಿದವನು ನಾನು. ಸೋದರತ್ತೆ ಗಂಡನ ಮನೆಯಲ್ಲಿ ಅತ್ತದ್ದು, ಕಾಕಾನ ದಿವಾಳಿ, ಎಲ್ಲವೂ ನನ್ನ ದನಿಯಲ್ಲೇ ಮನೆಗೆ ಬಂದವು. ಓದಿ ಮುಗಿಸಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅಂಗಡಿಯಲ್ಲೂ ಅದೇ. ಅಪ್ಪ ಸತ್ತ ಮೇಲೆ ಆ ಮಾತೆಲ್ಲ ನನ್ನೊಬ್ಬನ ಕಡೆಗೇ ತಿರುಗಿತು. ಅವ್ವ ದಿನಕ್ಕೆ ನೂರು ಸಲ ಕುಮಾರಾ ಎನ್ನುತ್ತಿದ್ದಳು. ನೂರನೆಯ ಸಲಕ್ಕೆ ಓಗೊಡುವಾಗ ನನ್ನ ದನಿ ನನ್ನದಲ್ಲ ಅನಿಸುತ್ತಿತ್ತು.

ಇಲ್ಲಿ ನನ್ನ ಭಾಷೆ ಬಲ್ಲವರು ಒಬ್ಬರೂ ಇಲ್ಲ. ಬೆಳಿಗ್ಗೆ ಐದಕ್ಕೆ ಪಂಪು ಹಾಕುತ್ತೇನೆ. ಮಾತಾಡದೆ ಮಧ್ಯಾಹ್ನವಾಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ನಾನು ಯಾರ ಮಗನೂ ಅಲ್ಲ, ಯಾರ ಗಂಡನೂ ಅಲ್ಲ, ನೀರಿನವನು, ಅಷ್ಟೆ. ಪೂರ್ಣಿಮಾ, ನಾನು ಇಲ್ಲಿ ಸುಖವಾಗಿದ್ದೇನೆ. ಇದಕ್ಕಿಂತ ಕೆಟ್ಟ ಮಾತನ್ನು ಒಬ್ಬ ಗಂಡ ಬರೆಯಲಾರ, ಗೊತ್ತು.

ನೀವು ಬಂದರೆ ಹೆಂಗಸು ಸಿಕ್ಕುತ್ತಾಳೆ ಎಂಬ ಹೆದರಿಕೆಯಲ್ಲ ನನಗೆ. ನನ್ನ ಮುಖ ನೋಡುತ್ತೀರಿ ಎಂಬುದೇ ಹೆದರಿಕೆ. ದಪ್ಪಗಾಗಿದ್ದೇನೆ. ಸಿಳ್ಳೆ ಹಾಕುವುದನ್ನು ಕಲಿತಿದ್ದೇನೆ. ಮೇ ತಿಂಗಳಲ್ಲಿ ಊರಿಗೆ ಬರುವ ಮುನ್ನ ಒಂದು ವಾರ ಊಟ ಕಡಿಮೆ ಮಾಡುತ್ತೇನೆ, ಬಡವಾದಂತೆ ಕಾಣಲಿ ಎಂದು.

ಅವ್ವನಿಗೆ ಬೇರೆ ಪತ್ರ ಬರೆದಿದ್ದೇನೆ, ಎಂದಿನಂತೆ. ಇದು ನಿನಗೊಬ್ಬಳಿಗೆ.

ಕುಮಾರಸ್ವಾಮಿ

*

ದ್ವೀಪದಿಂದ
5 ಜನವರಿ 2003

ಮಾತೋಶ್ರೀಯವರ ಪಾದಗಳಿಗೆ ಮಗ ಕುಮಾರಸ್ವಾಮಿಯ ಶರಣಾರ್ಥಿಗಳು.

ಇಲ್ಲಿ ಎಲ್ಲ ಕ್ಷೇಮ. ಸಂಕ್ರಮಣದ ಶುಭಾಶಯಗಳು. ನಿಮ್ಮ ಕೈಯ ಸಜ್ಜಿ ರೊಟ್ಟಿಯ ನೆನಪಿನಲ್ಲಿ ಇಲ್ಲಿಯ ಅನ್ನವನ್ನು ಕಷ್ಟಪಟ್ಟು ನುಂಗುತ್ತಿದ್ದೇನೆ. ಕಂಪನಿಯವರು ಈ ವರ್ಷವೂ ಬಿಡುವಂತೆ ಕಾಣುವುದಿಲ್ಲ.

ಕುಮಾರಸ್ವಾಮಿ

*

ಕ್ರೋಂಪೇಟೆ
18 ಜನವರಿ 2003

ಇವರಿಗೆ,

ಕವರು ಬದಲಾಗಿವೆ.

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ನನ್ನ ಕವರು ಒಡೆದೆ. "ಮಾತೋಶ್ರೀಯವರ ಪಾದಗಳಿಗೆ" ಎಂದಿತ್ತು. ಅರೆಗಳಿಗೆ ನನ್ನ ಪಾದ ನೋಡಿಕೊಂಡೆ. ಆಮೇಲೆ ಹೊಳೆಯಿತು: ಇದು ಇಲ್ಲಿದ್ದರೆ, ನನ್ನದು ಅಲ್ಲಿದೆ. ಅತ್ತೆಯವರ ಪೂಜೆ ಮುಗಿಯುವ ಹೊತ್ತು. ಪೊಂಗಲ್ ರಜೆಗೆ ನೀಲಾ ಮನೆಯಲ್ಲೇ ಇದ್ದಳು. ಜಯರಾಮ ಅವರಿಗೆ ಹೇಳದೆಯೇ ಸ್ಟೇಷನ್ನಿಗೆ ಓಡಿದೆ. ಕ್ರೋಂಪೇಟೆಯಿಂದ ಪಲ್ಲಾವರಕ್ಕೆ ಒಂದೇ ಸ್ಟೇಷನ್ನು. ಆ ನಾಲ್ಕು ನಿಮಿಷ ನಾನು ನಿಂತೇ ಇದ್ದೆ, ಸೀಟಿದ್ದರೂ.

ನೀಲಾ ನೆಲದ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. "ಯಾ-ರ ಗಂ-ಡ-ನೂ ಅಲ್ಲ." ನನ್ನನ್ನು ನೋಡಿ ನಿಲ್ಲಿಸಿದಳು. ಅತ್ತೆಯವರು ಹೇಳಿದರು, "ಬಾ, ಕುಂದರು. ನಿನಗ ಬರದಾನ. ಏ ಹುಡುಗಿ, ನಿಲ್ಲಿಸಬ್ಯಾಡ, ಓದು."

ಕೊನೆಯವರೆಗೂ ಓದಿಸಿದರು. ದಪ್ಪಗಾಗಿದ್ದೇನೆ ಎಂಬುದನ್ನು ಎರಡು ಸಲ. ನೀಲಾ ಕಾಗದ ಮಡಿಸಿ, "ಅಪ್ಪಾ ಹ್ಯಾಪಿಯಾ ಇರುಕ್ಕಾರ್, ಪಾಟ್ಟಿ. ಅವ್ಳೋದಾನ್" ಎಂದಳು: ಅಪ್ಪ ಹ್ಯಾಪಿಯಾಗಿದ್ದಾರೆ ಅಜ್ಜಿ, ಅಷ್ಟೇ.

"ಹ್ಯಾಪಿ ಅಂದ್ರೇನು?"

"ಆರಾಮ್."

"ಆರಾಮ ಇದ್ದಾನಂತ" ಎಂದರು ಅತ್ತೆ. "ಆರು ವರ್ಷ ಕಂಪನಿಯವರಿಗೆ ಬೈದೆ. ನನಗ ಬೈಕೋಬೇಕಿತ್ತು." ಆಮೇಲೆ ನನಗೆ, "ಆ ಚೀಟಿಯಾಗ ನನ್ನ ಹೆಸರ ಹೊಡದು ಹಾಕು. ನೀ ಒಬ್ಬಾಕಿ ಹೋಗು. ನಾ ಹೋದ್ರ ಅಂವಗ ಅಲ್ಲೂ ನನ್ನ ದನಿ ಕೇಳಸ್ತದ." ಎದ್ದು ಒಳಗೆ ಹೋದರು. ನಿಮಗೆಂದು ಬಡಿದಿಟ್ಟ ರೊಟ್ಟಿಯ ಗಂಟು ಬಿಚ್ಚಿ, ಒಂದೊಂದೇ ಮುರಿದು ಬುಟ್ಟಿಗೆ ಹಾಕುತ್ತಿದ್ದರು. ನಾನು ತಡೆಯಲಿಲ್ಲ.

ಅವರು ಮೊನ್ನೆಯಿಂದ ಕುಮಾರಾ ಎಂಬ ಹೆಸರು ಎತ್ತಿಲ್ಲ. ನಿಮಗೆ ಬೇಕಾಗಿದ್ದು ಇದೇ ತಾನೆ?

ನನ್ನದೂ ಒಂದು ಮಾತಿದೆ. ನೀವು ಬಿಟ್ಟು ಹೋದ ಮಾತೆಲ್ಲ ಎಲ್ಲಿ ಹೋಯಿತು ಎಂದುಕೊಂಡಿರಿ? ಗಾಳಿಗೆ ಹೋಗಲಿಲ್ಲ. ಇಷ್ಟೇ ಬರೆಯುತ್ತೇನೆ, ಹೆಚ್ಚು ಬರೆದರೆ ದೂರಿದಂತಾಗುತ್ತದೆ.

ನಾನು ಬರುತ್ತೇನೆ. ಬೆಳಗಿನ ದೋಣಿಗೆ ಬಂದು, ಸಂಜೆಯ ದೋಣಿಗೆ ಹೊರಡುತ್ತೇನೆ. ಜಲಜಾಕ್ಷಿಯವರಿಂದ ಇಲ್ಲಿನ ಪ್ಲಾಂಟಿಗೆ ವರ್ಗ ಕೇಳುವ ಫಾರ್ಮು ತಂದಿದ್ದೇನೆ, ಫೆಬ್ರವರಿ ಕೊನೆಯೊಳಗೆ ಕೊಡಬೇಕಂತೆ. ಅದನ್ನು ನಿಮ್ಮ ಮೇಜಿನ ಮೇಲಿಟ್ಟು ಬರುತ್ತೇನೆ. ಒತ್ತಾಯ ಮಾಡುವುದಿಲ್ಲ, ಅಳುವುದಿಲ್ಲ. ಸಹಿ ಮಾಡದಿದ್ದರೆ ಮೇ ತಿಂಗಳಲ್ಲಿ ಬಡವಾಗಿ ಬರುವ ಶ್ರಮ ಬೇಡ. ಮೇ ತಿಂಗಳಲ್ಲೂ ಬರುವುದು ಬೇಡ.

ಪೂರ್ಣಿಮಾ

*

ದ್ವೀಪದಿಂದ
ಕ್ರೋಂಪೇಟೆ ಆಫೀಸಿಗೆ
4 ಫೆಬ್ರವರಿ 2003

ಪೂರ್ಣಿಮಾ,

ನೀನು ಬಂದು ಹೋಗಿ ಎರಡು ದಿನವಾಯಿತು. ನಿನಗೆ ಗೊತ್ತಿರದ ಒಂದು ವಿಷಯ ಬರೆಯಬೇಕು, ಏಕೆಂದರೆ ಅದು ನಡೆಯುವಾಗ ನೀನು ನೋಡುವ ಹಾಗಿರಲಿಲ್ಲ.

ಆ ದಿನಕ್ಕೆ ನಾನೊಂದು ಕ್ರಮ ಹಾಕಿಕೊಂಡಿದ್ದೆ. ಹತ್ತಕ್ಕೆ ಪ್ಲಾಂಟು, ಹನ್ನೊಂದಕ್ಕೆ ಗಾಜಿನ ತಳದ ದೋಣಿ, ಒಂದಕ್ಕೆ ಎಲ್ಲರ ಜೊತೆ ಊಟ, ಅಡಿಗೆಯವನಿಗೆ ಹೇಳಿ ನಿನಗೆ ಬೇರೆ ಪಾತ್ರೆ. ಆಮೇಲೆ ನೀನು ಕೇಳುತ್ತೀ, ನಾನು ಉತ್ತರ ಹೇಳಬೇಕು. ಉತ್ತರಗಳನ್ನೂ ಸಾಲಾಗಿ ಜೋಡಿಸಿಟ್ಟಿದ್ದೆ. ನೀನು ದೋಣಿಯಲ್ಲಿ ತೊಡಿಸಿದ ಆ ಕಿತ್ತಳೆ ಬಣ್ಣದ ಜಾಕೀಟು ಕಳಚಿ ಕೈಗೆ ಕೊಟ್ಟೆ, ನನ್ನ ಮುಖ ನೋಡಿದೆ, "ಹೌದು, ದಪ್ಪ ಆಗೀರಿ" ಎಂದೆ. ಕೋಣೆಗೆ ಬಂದು ನೀನು ಫಾರ್ಮು ಮೇಜಿನ ಮೇಲಿಟ್ಟೆ. ಚಪ್ಪಲಿ ಬಿಚ್ಚಲು ಮಂಚದ ಮೇಲೆ ಕೂತೆ. "ಐದು ನಿಮಿಷ" ಎಂದೆ.

ಹತ್ತೂಕಾಲಿಗೆ ಮಲಗಿದವಳು ನಾಲ್ಕಕ್ಕೆ ಎದ್ದೆ. ಕಡಲನ್ನು ನೋಡಲಿಲ್ಲ, ಊಟ ಮಾಡಲಿಲ್ಲ. ಒಂದು ಚಪ್ಪಲಿ ಕಾಲಲ್ಲೇ ಇತ್ತು, ನಾನು ಬಿಚ್ಚಿದೆ. ಮೊದಲ ತಾಸು ನನಗೆ ಸಿಟ್ಟು ಬಂತು. ಇಷ್ಟು ದೂರ ಬಂದು ಮಲಗುವುದೆ ಎಂದು. ಎರಡನೆಯ ತಾಸಿಗೆ ಸಮಾಧಾನ, ಪ್ರಶ್ನೆಗಳು ತಪ್ಪಿದವಲ್ಲ ಎಂದು. ಎರಡೂ ಬರೆಯುತ್ತಿದ್ದೇನೆ, ಮುಚ್ಚಿಡುವುದಿಲ್ಲ.

ಹನ್ನೆರಡೂವರೆಗೆ ಇರಬೇಕು, ಹೊರಗೆ ಯಾರೋ ಯಾರನ್ನೋ ಕೂಗಿದರು. ನೀನು ಕಣ್ಣು ಮುಚ್ಚಿದಂತೆಯೇ, "ಬಂದೆ ಅತ್ತೀ" ಎಂದು ಅರ್ಧ ಎದ್ದು ಕೂತೆ. ಕಾಲು ಚಪ್ಪಲಿ ಹುಡುಕಿತು. ಮತ್ತೆ ಹಾಗೇ ಬಿದ್ದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಮೂರು ಸಲ, ಪೂರ್ಣಿಮಾ. ನಾನು ಎಣಿಸಿದೆ. ಮೂರನೆಯ ಸಲ ಯಾರೂ ಕೂಗಿರಲಿಲ್ಲ.

ದೋಣಿಯ ಸೈರನ್ನಿಗೆ ನೀನು ಎದ್ದು, ಮುಖ ತೊಳೆದು, ಬಾಗಿಲಲ್ಲಿ ನಿಂತು, "ಇಲ್ಲಿ ದಿನಾ ಇಷ್ಟ ಶಾಂತ ಇರ್ತದೇನ್ರೀ?" ಎಂದು ಕೇಳಿದೆ. ಇಡೀ ದಿನ ನೀನು ಕೇಳಿದ ಪ್ರಶ್ನೆ ಅದೊಂದೇ. ಹೌದು ಎಂದೆ ನಾನು. ನೀನು ತಲೆ ಆಡಿಸಿದೆ, ಒಳ್ಳೆಯ ಸೀರೆಯ ಬೆಲೆ ಕೇಳಿ ಮಡಿಸಿ ಇಡುವವರ ಹಾಗೆ.

ನಿನ್ನೆ ಸಹಿ ಮಾಡಿದೆ. ಗುರುವಾರದ ದೋಣಿಗೆ ಫಾರ್ಮು ಹೋಗುತ್ತದೆ. ಸಂತೋಷದಿಂದ ಮಾಡಿದೆ ಎಂದು ಬರೆದರೆ ಅದು ಅವ್ವನಿಗೆ ಬರೆಯುವಂಥ ಪತ್ರವಾದೀತು. ಮಾಡಿದ ಮೇಲೆ ಪಂಪಿನ ಮನೆಗೆ ಹೋಗಿ ಒಂದು ತಾಸು ಕೂತಿದ್ದೆ. ಇಲ್ಲಿಂದ ಬಂದ ಮೇಲೆ ನಾನು ಹೇಗಿರುತ್ತೇನೋ ತಿಳಿಯದು. ಮೊದಲ ತಿಂಗಳುಗಳಲ್ಲಿ ಮಾತಾಡದೆ ಇರಬಹುದು, ಸಿಡುಕಬಹುದು. ಅವ್ವ ನನ್ನನ್ನು ಕರೆಯದೇ ಇರಬಹುದು, ಅದನ್ನೂ ನಾನು ತಡೆದುಕೊಳ್ಳಬೇಕು. ನನ್ನಿಂದ ಏನೇನು ಆಗುವುದಿಲ್ಲ ಎಂಬ ಪಟ್ಟಿ ಉದ್ದವಿದೆ. ಆಗುವುದು ಒಂದೇ, ಅದನ್ನು ಬರೆಯುತ್ತೇನೆ.

ನೀನು ಮಲಗು. ಅವ್ವ ಯಾರ ಹೆಸರು ಹಿಡಿದು ಕರೆದರೂ, ನಾನು ಏಳುತ್ತೇನೆ.

ಕುಮಾರಸ್ವಾಮಿ